ಗ್ರೆಟ್ನಾ ಹಸಿರು

ನಮ್ಮ ಮನೆಯ ಇಂಗ್ಲಿಷ್-ಕನ್ನಡ ನಿಘಂಟಿನಲ್ಲಿ ‘ಪಿ’ ಶುರುವಾಗುವಲ್ಲಿಂದ ‘ಆರ್’ ಮುಗಿಯುವ ತನಕ ಹಾಳೆಗಳೇ ಇರಲಿಲ್ಲ. ಮನೆ ಬದಲಾಯಿಸುವಾಗ ಗಾಡಿಯಿಂದ ಬಿದ್ದುಹೋದವು ಅಂತ ಅಪ್ಪ ಹೇಳುತ್ತಿದ್ದರು. ಪರೀಕ್ಷೆಯ ಹಿಂದಿನ ದಿನ ಇವನೇ ಕಿತ್ತುಕೊಂಡು ಹೋಗಿ ಎಲ್ಲೋ ಬಿಟ್ಟುಬಂದ ಅಂತ ಅಜ್ಜಿ. ಏನೇ ಇರಲಿ, ಅದರಿಂದ ಸಂಸಾರಕ್ಕೇನೂ ತೊಂದರೆ ಆಗಿರಲಿಲ್ಲ. ಪೋಸ್ಟು, ಪೆನ್ಷನ್ನು, ರೇಷನ್ನು, ರೈಲು ಇವಕ್ಕೆಲ್ಲ ನಿಘಂಟು ಯಾರು ನೋಡುತ್ತಾರೆ?

ಚಿಕ್ಕಮ್ಮ ಮತ್ತು ನಾನು ಇಂಗ್ಲಿಷ್ ಪ್ರೇಮ ಕಾದಂಬರಿ ಓದುವ ಚಟಕ್ಕೆ ಬಿದ್ದ ಮೇಲೆಯೇ ಗೊತ್ತಾದದ್ದು, ಇಂಗ್ಲಿಷರ ಪ್ರೇಮವೆಲ್ಲ ಆ ಮೂರು ಅಕ್ಷರಗಳಲ್ಲೇ ಬಿಡಾರ ಹೂಡಿದೆ ಅಂತ. ನಾಯಕ ಒಬ್ಬ ರೇಕ್. ಅವನು ಬರುವುದು ಫೇಟನ್‌ನಲ್ಲಿ. ನಾಯಕಿಯ ಕೈಯಲ್ಲಿ ರೆಟಿಕ್ಯೂಲ್. ಅವಳತ್ತೆ ಕುಡಿಯುವುದು ರಟಾಫಿಯ. ಚಳಿಗೆ ಅವಳು ತೊಡುವುದು ಪೆಲೀಸ್. ಈ ಪೆಲೀಸನ್ನು ನಾವು ಅಚ್ಚಿನ ತಪ್ಪು ಅಂದುಕೊಂಡಿದ್ದೆವು. ಮಂಜು ಬೀಳುವ ರಾತ್ರಿ, ಒಬ್ಬಂಟಿ ಹೆಣ್ಣುಮಗಳು ಪೊಲೀಸ್ ಜೊತೆ ಹೊರಟಳು. ಒಳ್ಳೆಯದೇ ಆಯಿತು ಅಂತ ಸಮಾಧಾನಪಟ್ಟಿದ್ದೆವು. ಇನ್ನೊಬ್ಬಳು ಅವನಿಗಾಗಿ ‘ಪೈನ್’ ಆದಳು ಅಂತ ಬಂದಾಗ ನನಗೆ ಊಟಿಯಲ್ಲಿ ನೋಡಿದ ಸೂಜಿ ಎಲೆಯ ಮರ ನೆನಪಾಯಿತು. “ಮರದ ಹಾಗೆ ನಿಂತುಬಿಟ್ಟಳು ಅಂತ ಇರಬೇಕು ಕಣೇ,” ಅಂದು ಚಿಕ್ಕಮ್ಮ ಪುಟ ತಿರುಗಿಸಿದ್ದಳು.

ಇದು 1986ರ ಮಾತು. ಮೈಸೂರಿನ ವಠಾರ, ನಾನು ಪಿಯುಸಿ, ಚಿಕ್ಕಮ್ಮ ಬಿಎ ಮುಗಿಸಿ ‘ಗಂಡು ಗೊತ್ತಾಗುವ ತನಕ’ ಮನೆಯಲ್ಲಿದ್ದಳು. ಎರಡು ಬೀದಿ ಆಚೆ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ. ಡಿಪಾಸಿಟ್ಟು 20 ರೂಪಾಯಿ, ದಿನಕ್ಕೆ 50 ಪೈಸೆ. ಕೈಗೆಟಕುವ ಕಪಾಟಿನಲ್ಲಿ ತ್ರಿವೇಣಿ, ಎಂ.ಕೆ. ಇಂದಿರಾ, ಉಷಾ ನವರತ್ನರಾಂ, ಸಾಯಿಸುತೆ. ಸ್ಟೂಲು ಹತ್ತಿದರೆ ಮಿಲ್ಸ್ ಅಂಡ್ ಬೂನ್, ಬಾರ್ಬರಾ ಕಾರ್ಟ್‌ಲ್ಯಾಂಡ್, ಜಾರ್ಜೆಟ್ ಹೇಯರ್. ಮಿಲ್ಸಮ್ಮ, ಬೂನಮ್ಮ ಅಂತ ಇಬ್ಬರು ಗೆಳತಿಯರು ಸೇರಿಕೊಂಡು ಬರೆಯುತ್ತಾರೆ ಅಂತ ನಾನು ಬಹಳ ಕಾಲ ನಂಬಿದ್ದೆ. ಅವರು ಗೆರಾಲ್ಡ್ ಮಿಲ್ಸ್, ಚಾರ್ಲ್ಸ್ ಬೂನ್ ಎಂಬ ಇಬ್ಬರು ಗಂಡಸರು, 1908ರಲ್ಲಿ ಲಂಡನ್ನಿನಲ್ಲಿ ಪ್ರಕಾಶನ ತೆರೆದವರು ಅಂತ ತಿಳಿದ ದಿನ ಸ್ವಲ್ಪ ಬೇಜಾರಾಯಿತು.

ಆ ಲೈಬ್ರರಿಯ ಓದುಗರಲ್ಲಿ ಒಂದು ಗುಪ್ತ ಪದ್ಧತಿಯಿತ್ತು. ಹೆಸರುಗಳೂ ಮುಖಪುಟಗಳೂ ಒಂದೇ ಥರ ಇರುವುದರಿಂದ ಓದಿದ್ದನ್ನೇ ಮತ್ತೆ ತಂದು ಎಂಟಾಣೆ ಕಳೆದುಕೊಳ್ಳುವ ಭಯ. ಅದಕ್ಕೇ ಒಬ್ಬೊಬ್ಬರು ಒಂದೊಂದು ಪುಟದಲ್ಲಿ ತಮ್ಮ ಗುರುತು ಹಾಕುತ್ತಿದ್ದರು. ನಮ್ಮದು 17ನೇ ಪುಟದ ಕೆಳಗೆ ಒಂದು ಚುಕ್ಕಿ ರಂಗೋಲಿ. ಹೀಗೆ ಗುರುತು ಹುಡುಕುವಾಗಲೇ ನಮಗೆ ಪೆನ್ಸಿಲ್ ಅಕ್ಕ ಸಿಕ್ಕಿದ್ದು.

ಅವಳು ಯಾರೋ ಗೊತ್ತಿಲ್ಲ. ಅಕ್ಕ ಅಂತ ನಾವೇ ತೀರ್ಮಾನಿಸಿದ್ದು, ತಾತನೂ ಇರಬಹುದು. ಕೆಲವು ಪುಸ್ತಕಗಳ ಅಂಚಿನಲ್ಲಿ, ಎಡಕ್ಕೆ ವಾಲಿದ ಸಣ್ಣ ಅಕ್ಷರದಲ್ಲಿ, ಕಷ್ಟದ ಪದಗಳಿಗೆಲ್ಲ ಕನ್ನಡ ಅರ್ಥ ಬರೆದಿಟ್ಟಿದ್ದಳು. ಕ್ರವಾಟ್: ಕೊರಳಪಟ್ಟಿ. ಫೇಟನ್: ಜಟಕಾ (ದೊಡ್ಡವರದು). ಡೋವೇಜರ್: ಯಜಮಾನಿ ಅಜ್ಜಿ. ರೇಕ್: ಪೋಲಿ.

ಈ ಕೊನೆಯದರ ಬೆಲೆ ನಮಗೆ ಮಾತ್ರ ಗೊತ್ತು. ಅದಕ್ಕೆ ಮೊದಲು ನಾನು ಪಕ್ಕದ ಮನೆಯವರ ನಿಘಂಟು ನೋಡಿ ಬಂದಿದ್ದೆ. ಅಲ್ಲಿ ರೇಕ್ ಅಂದರೆ ಕಸ ಗೋರುವ ಹಲ್ಲುಕುಂಟೆ. ಲಂಡನ್ನಿನಲ್ಲೇ ಅತಿ ಕುಖ್ಯಾತ ಹಲ್ಲುಕುಂಟೆಯೊಬ್ಬ ಪಾಪದ ಹುಡುಗಿಯನ್ನು ಕಣ್ಣೆತ್ತಿ ನೋಡಿದ ಅಂತ ಓದಿಕೊಂಡು ನಾವಿಬ್ಬರೂ ಒಂದು ವಾರ ಒದ್ದಾಡಿದ್ದೆವು. ಈಗ ಗೊತ್ತು, ಅದು ‘ರೇಕ್‌ಹೆಲ್’ ಎಂಬ ಹಳೆಯ ಮಾತಿನ ಮೊಟಕು ರೂಪ, ನರಕವನ್ನೇ ಗೋರಿ ಎಳೆಯುವಂಥವನು. ಅಲ್ಲಿಗೆ ಹಲ್ಲುಕುಂಟೆಯೂ ಪೂರ್ತಿ ತಪ್ಪಲ್ಲ. ಆದರೂ ಪೆನ್ಸಿಲ್ ಅಕ್ಕನ ‘ಪೋಲಿ’ಯ ಮುಂದೆ ಯಾವ ನಿಘಂಟೂ ಇಲ್ಲ. ಪೋಲಿ ಅಂದಾಗ ಬೈಗುಳದ ಜೊತೆಗೆ ಒಂದು ಸಣ್ಣ ನಗುವೂ ಬರುತ್ತದಲ್ಲ, ಆ ನಗು ಇಲ್ಲದಿದ್ದರೆ ಇಂಥ ಕಾದಂಬರಿ ಮೂರನೇ ಪುಟಕ್ಕೇ ಮುಗಿದುಹೋಗುತ್ತದೆ.

‘ಟನ್’ ಎಂಬ ಪದಕ್ಕೆ ಮಾತ್ರ ಅಕ್ಕನೂ ಪ್ರಶ್ನೆಚಿಹ್ನೆ ಹಾಕಿ ಕೈಬಿಟ್ಟಿದ್ದಳು. ಟನ್ ಎಲ್ಲ ನೆರೆದಿತ್ತು, ಟನ್ ಬೆಚ್ಚಿಬಿದ್ದಿತು, ಟನ್ ಅವಳನ್ನು ಎಂದೂ ಕ್ಷಮಿಸದು. ಇಂಗ್ಲೆಂಡಿನ ಶ್ರೀಮಂತರು ಚೆನ್ನಾಗಿ ತಿಂದುಂಡವರು, ಒಟ್ಟಿಗೆ ಸೇರಿದರೆ ತೂಕದಲ್ಲೇ ಲೆಕ್ಕ ಅಂತ ನಾನು ಅರ್ಥ ಮಾಡಿಕೊಂಡೆ. ಎಷ್ಟೋ ವರ್ಷದ ಮೇಲೆ ತಿಳಿಯಿತು, ಅದು ಫ್ರೆಂಚ್ ಮಾತು, ಉಚ್ಚಾರ ಹೆಚ್ಚುಕಡಿಮೆ ‘ತೋನ್’, ಅರ್ಥ ಮೇಲ್ವರ್ಗದ ನಯನಾಜೂಕಿನ ಮಂದಿ. ಇಂಗ್ಲಿಷರು ಆಗ ನೆಪೋಲಿಯನ್ನನ ಮೇಲೆ ಯುದ್ಧ ಮಾಡುತ್ತಲೇ ತಮ್ಮ ದೊಡ್ಡಸ್ತಿಕೆಗೆ ಬೇಕಾದ ಮಾತನ್ನೆಲ್ಲ ಫ್ರೆಂಚಿನಿಂದ ಸಾಲ ತರುತ್ತಿದ್ದರು. ಬೈಯುವುದಕ್ಕೆ ಕನ್ನಡ, ಬಿಗುಮಾನಕ್ಕೆ ಇಂಗ್ಲಿಷು ಅನ್ನುವ ನಮ್ಮ ಮನೆಗಳ ಹಾಗೇ.

ಈ ಪದಗಳೆಲ್ಲ ಓಡಾಡುತ್ತಿದ್ದ ಕಾಲಕ್ಕೆ ರೀಜೆನ್ಸಿ ಅಂತ ಹೆಸರು. ದೊರೆ ಮೂರನೇ ಜಾರ್ಜ್‌ಗೆ ಬುದ್ಧಿ ಸ್ಥಿಮಿತ ತಪ್ಪಿ, ಮಗ 1811ರಿಂದ 1820ರ ತನಕ ಅವನ ಪರವಾಗಿ ರಾಜ್ಯ ನೋಡಿಕೊಂಡ. ಒಟ್ಟು ಒಂಬತ್ತು ವರ್ಷ. ಆ ಒಂಬತ್ತು ವರ್ಷದಲ್ಲಿ ನಿಜವಾಗಿ ಬದುಕಿದ್ದ ಡ್ಯೂಕುಗಳಿಗಿಂತ ಕಾದಂಬರಿಗಳಲ್ಲಿ ಮದುವೆಯಾದ ಡ್ಯೂಕುಗಳು ಎಷ್ಟೋ ಪಾಲು ಹೆಚ್ಚು. ಅದಕ್ಕೆಲ್ಲ ದಾರಿ ಹಾಕಿದವಳು ಜಾರ್ಜೆಟ್ ಹೇಯರ್. 1902ರಲ್ಲಿ ಹುಟ್ಟಿದವಳು, ರೀಜೆನ್ಸಿ ಮುಗಿದು ಎಂಬತ್ತು ವರ್ಷ ಕಳೆದ ಮೇಲೆ. ಹಳೆಯ ಕಾಗದಪತ್ರ, ನೆನಪಿನ ಪುಸ್ತಕ ಎಲ್ಲ ಕೆದಕಿ ಆ ಕಾಲದ ಆಡುಮಾತು, ಟೋಪಿ, ಗಾಡಿ, ಬೆಲೆ ಎಲ್ಲವನ್ನೂ ನೋಟ್‌ಬುಕ್ಕುಗಳಲ್ಲಿ ಗುಡ್ಡೆ ಹಾಕಿಕೊಂಡಿದ್ದಳು. ಬೇರೆಯವರು ತನ್ನಿಂದ ಕದಿಯುತ್ತಾರೆ ಅನ್ನುವ ಸಿಟ್ಟೂ ಅವಳಿಗೆ ಇತ್ತು. ಖಾಸಗಿಯಾಗಿ ಅಚ್ಚಾದ, ಹೊರಗೆ ಸಿಗದ ಒಂದು ಹಳೆಯ ಪುಸ್ತಕದಲ್ಲಿ ತಾನು ಕಂಡುಕೊಂಡ ನುಡಿಗಟ್ಟು ಇನ್ನೊಬ್ಬರ ಕಾದಂಬರಿಯಲ್ಲಿ ಹಾಜರಾದದ್ದೇ ಅವಳಿಗೆ ಸಾಕ್ಷಿಯಾಯಿತಂತೆ. ಪಕ್ಕದ ಮನೆಯ ಸಾರಿನಲ್ಲಿ ನಮ್ಮ ಮನೆಯ ಪುಡಿಯ ಘಮ ಹಿಡಿದ ಹಾಗೆ.

ಗಾಡಿಗಳ ವಿಷಯಕ್ಕೆ ಬರುತ್ತೇನೆ. ಆ ಕಾದಂಬರಿಗಳಲ್ಲಿ ಮನುಷ್ಯನ ಗುಣ ತಿಳಿಯಬೇಕಾದರೆ ಮುಖ ನೋಡಬೇಕಾಗಿಲ್ಲ, ಗಾಡಿ ನೋಡಿದರೆ ಸಾಕು. ಕರಿಕಲ್ ಅಂದರೆ ಎರಡು ಚಕ್ರ, ಎರಡು ಕುದುರೆ; ನಮ್ಮ ಕಾಲೇಜಿನ ಮುಂದೆ ಬುಲೆಟ್ ಓಡಿಸುವ ಹುಡುಗನ ಗತ್ತು. ಬರೂಶ್ ಅಂದರೆ ನಾಲ್ಕು ಚಕ್ರ, ಮಡಚುವ ಚಾವಣಿ, ಎದುರುಬದುರು ಸೀಟು. ಅತ್ತೆ, ಇಬ್ಬರು ಹೆಣ್ಣುಮಕ್ಕಳು, ಟೋಪಿಯ ಪೆಟ್ಟಿಗೆ ಎಲ್ಲ ಹಿಡಿಸುವ ಅಂಬಾಸಿಡರು. ಹೈ-ಪರ್ಚ್ ಫೇಟನ್ ಅಂದರೆ ಆಳೆತ್ತರದಲ್ಲಿ ಸೀಟು, ತಿರುವಿನಲ್ಲಿ ಮಗುಚುವುದಕ್ಕೇ ಮಾಡಿಸಿದ ಹಾಗೆ. ಗ್ರೀಕ್ ಪುರಾಣದಲ್ಲಿ ಫೇತನ್ ಸೂರ್ಯದೇವನ ಮಗ. ಅಪ್ಪನ ರಥ ಓಡಿಸುತ್ತೇನೆ ಅಂತ ಹಟ ಹಿಡಿದು, ಕುದುರೆಗಳ ಮೇಲೆ ಹಿಡಿತ ತಪ್ಪಿ ಸತ್ತವನು. ಅವನ ಹೆಸರನ್ನೇ ಗಾಡಿಗೆ ಇಡುವುದು ಅಂದರೆ ನಮ್ಮಲ್ಲಿ ಘಾಟಿ ಬಸ್ಸಿಗೆ ತ್ರಿಶಂಕು ಅಂತ ಬರೆಸಿದ ಹಾಗಲ್ಲವೆ?

ನಾಯಕನ ಜೇಬಿನಲ್ಲಿ ಸ್ಪೆಷಲ್ ಲೈಸೆನ್ಸ್ ಇತ್ತು ಅಂತ ಬಂದಾಗ ಅದು ಈ ಫೇಟನ್ ಓಡಿಸಲಿಕ್ಕೆ ಕೊಟ್ಟದ್ದು ಅಂತ ಚಿಕ್ಕಮ್ಮ ಹೇಳಿದ್ದಳು. ಅಷ್ಟು ಎತ್ತರದ ಗಾಡಿಗೆ ವಿಶೇಷ ಲೈಸೆನ್ಸು ಬೇಡವೆ? ನಾನೂ ಒಪ್ಪಿದ್ದೆ. ಅದು ಮದುವೆಯ ಪರವಾನಗಿ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರಿಂದ ತಂದರೆ ಯಾವ ಹೊತ್ತಿಗೆ, ಯಾವ ಜಾಗದಲ್ಲಿ ಬೇಕಾದರೂ ಮದುವೆಯಾಗಬಹುದಿತ್ತು.

ಅಂಥ ವಶೀಲಿ ಇಲ್ಲದವರು ಓಡುತ್ತಿದ್ದ ಜಾಗವೇ ಗ್ರೆಟ್ನಾ ಗ್ರೀನ್. ಇದರಲ್ಲಿ ಪೆನ್ಸಿಲ್ ಅಕ್ಕ ನಮ್ಮನ್ನು ಪೂರ್ತಿ ದಾರಿ ತಪ್ಪಿಸಿದಳು. ಅಂಚಿನಲ್ಲಿ ಬರೆದಿದ್ದಳು: ‘ಒಂದು ಹಸಿರು’. ಗಿಳಿ ಹಸಿರು, ಎಲೆ ಹಸಿರು, ಬಾಟಲ್ ಹಸಿರು ಇದ್ದ ಮೇಲೆ ಗ್ರೆಟ್ನಾ ಹಸಿರೂ ಇರಬೇಕು ಅಂತ ನಮಗೂ ಅನ್ನಿಸಿತು. ಕಥೆಯಲ್ಲಿ ಆ ಹೆಸರು ಎತ್ತಿದ ಕೂಡಲೇ ತಾಯಂದಿರು ಮೂರ್ಛೆ ಹೋಗುತ್ತಿದ್ದರು, ತಂದೆಯರು ಪಿಸ್ತೂಲು ತೆಗೆಯುತ್ತಿದ್ದರು. ಎಂಥ ಬಣ್ಣ ಇರಬೇಡ! ಚಿಕ್ಕಮ್ಮನಿಗೆ ಹಾಸನದ ಗಂಡು ಗೊತ್ತಾಗಿ ಸೀರೆ ತೆಗೆಯಲು ಹೋದಾಗ, ಆರತಕ್ಷತೆಗೆ ಗ್ರೆಟ್ನಾ ಹಸಿರು ಇದೆಯಾ ಅಂತ ಕೇಳಿಯೇಬಿಟ್ಟಳು. ಅಂಗಡಿಯವರು ಇಲ್ಲ ಅನ್ನುವ ಜಾಯಮಾನದವರಲ್ಲ. “ಹೊಸಾ ಸ್ಟಾಕು ಅಮ್ಮ, ನಿನ್ನೆ ತಾನೇ ಬಂತು,” ಅಂತ ಪಾಚಿ ಬಣ್ಣದ ಒಂದು ರೇಷ್ಮೆ ಸೀರೆ ಹರಡಿದರು. ಅಜ್ಜಿಗೆ ಹಿಡಿಸಿತು. ತಗೊಂಡೆವು.

ಗ್ರೆಟ್ನಾ ಗ್ರೀನ್ ಸ್ಕಾಟ್ಲೆಂಡಿನ ಒಂದು ಹಳ್ಳಿ, ಗಡಿ ದಾಟಿದ ಕೂಡಲೇ ಸಿಗುವಂಥದು. 1753ರಲ್ಲಿ ಇಂಗ್ಲೆಂಡಿನಲ್ಲಿ ಮದುವೆಗೆ ಹೊಸ ಕಾಯಿದೆ ಬಂತು: ಚರ್ಚಿನಲ್ಲೇ ಆಗಬೇಕು, ಇಪ್ಪತ್ತೊಂದು ತುಂಬದವರು ಲೈಸೆನ್ಸಿನ ಮೇಲೆ ಮದುವೆಯಾಗುವುದಾದರೆ ಹೆತ್ತವರ ಒಪ್ಪಿಗೆ ಬೇಕು. ಸ್ಕಾಟ್ಲೆಂಡಿಗೆ ಆ ಕಾಯಿದೆ ಇಲ್ಲ. ಅಲ್ಲಿ ಇಬ್ಬರು ಸಾಕ್ಷಿಗಳ ಮುಂದೆ ನಾನು ಇವಳನ್ನು ವರಿಸಿದೆ, ನಾನು ಇವನನ್ನು ವರಿಸಿದೆ ಅಂದರೆ ಆಯಿತು. ಹಳ್ಳಿಯ ಕಮ್ಮಾರನ ಅಡಿಗಲ್ಲೇ ಹಸೆಮಣೆ. ಲಂಡನ್ನಿನಿಂದ ಮುನ್ನೂರು ಮೈಲಿಗೂ ಮೇಲೆ, ದಾರಿಯುದ್ದಕ್ಕೂ ಕುದುರೆ ಬದಲಾಯಿಸುತ್ತಾ, ಹಿಂದೆ ಅಪ್ಪನ ಗಾಡಿ ಬರುತ್ತಿದೆಯಾ ಅಂತ ನೋಡುತ್ತಾ. ಚಿಕ್ಕಮ್ಮನಾದರೋ ಆ ಸೀರೆ ಉಟ್ಟು ಅಜ್ಜಿಯ ಪಕ್ಕದಲ್ಲೇ ನಿಂತು, ಹೆತ್ತವರ ಪೂರ್ಣ ಒಪ್ಪಿಗೆಯಿಂದ, ಮುನ್ನೂರು ಜನರಿಗೆ ನಮಸ್ಕಾರ ಮಾಡಿದಳು.

ತಿಳಿಯದ ಪದ ಒಂದು ಥರದ ಕಷ್ಟ; ತಿಳಿದ ಪದವೇ ವೇಷ ಹಾಕಿಕೊಂಡು ಬರುವುದು ಇನ್ನೊಂದು. ‘ಮೇಕ್ ಲವ್’ ಅನ್ನುವ ಮಾತು ಹಳೆಯ ಪುಸ್ತಕಗಳಲ್ಲಿ ಧಾರಾಳವಾಗಿ ಬರುತ್ತದೆ. ಜೇನ್ ಆಸ್ಟಿನ್‌ಳ ‘ಎಮ್ಮಾ’ 1815ರ ಕೊನೆಗೆ ಹೊರಬಂದದ್ದು, ಸಾಕ್ಷಾತ್ ರೀಜೆಂಟನಿಗೇ ಅರ್ಪಣೆಯಾದದ್ದು. ಅದರಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಹಿಮ ಬೀಳುವಾಗ ಪಾದ್ರಿ ಎಲ್ಟನ್, ಓಡುವ ಗಾಡಿಯೊಳಗೆ ಎಮ್ಮಾಳಿಗೆ ಇದನ್ನೇ ಮಾಡುತ್ತಾನೆ, ಅದೂ ಭಾರಿ ರಭಸದಿಂದ. ನಾನು ಗಾಬರಿಯಾಗಿ ಪುಸ್ತಕ ಮುಚ್ಚಿ ಅಕ್ಕಿ ಡಬ್ಬದ ಹಿಂದೆ ಇಟ್ಟೆ. ಪಾದ್ರಿ! ಗಾಡಿಯಲ್ಲಿ! ಕ್ಲಾಸಿನಲ್ಲಿ ಪಾಠಕ್ಕಿಡುವ ಲೇಖಕಿ! ಆ ಕಾಲಕ್ಕೆ ಅದರರ್ಥ ಪ್ರೇಮದ ಮಾತಾಡುವುದು, ಬೆನ್ನುಹತ್ತಿ ಒಲಿಸುವುದು, ಅಷ್ಟೇ. ಮನುಷ್ಯ ಬರೀ ಮಾತಾಡಿದ್ದ. ಹಾಗೆಯೇ ‘ಬೆಳಗಿನ ಭೇಟಿ’ ಎಂಬುದು ನಡೆಯುತ್ತಿದ್ದದ್ದು ಮಧ್ಯಾಹ್ನ. ರಾತ್ರಿಯೂಟಕ್ಕೆ ಏಳುವ ತನಕ ಅವರಿಗೆ ಬೆಳಗೇ. ಕಾಲು ಗಂಟೆ ಕೂತು ಎದ್ದುಬಿಡಬೇಕು. ಹೊರಡುತ್ತೇನೆ ಅಂದಮೇಲೆ ಬಾಗಿಲಲ್ಲಿ ನಿಂತು ಮುಕ್ಕಾಲು ಗಂಟೆ ಮಾತಾಡುವ ನಮ್ಮ ಪದ್ಧತಿ ಅವರಿಗೆ ಗೊತ್ತಿರಲಿಲ್ಲ, ಪಾಪ.

ವರ್ಷಗಳು ಕಳೆದ ಹಾಗೆ ಅರ್ಥಗಳು ಒಂದೊಂದಾಗಿ ತಿಳಿಯುತ್ತ ಹೋದವು. ತಿಳಿದಾಗ ಎಷ್ಟೋ ಪದಗಳು ಬಣ್ಣ ಕಳೆದುಕೊಂಡವು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಕೆಲವು ತಿರುಗಿ ಬಂದು ನಮ್ಮ ಮನೆಯ ಹೊಸ್ತಿಲಲ್ಲೇ ನಿಂತವು. ಓರ್ಜಾ ಅಂತ ಒಂದು ಪಾನೀಯ ಬರುತ್ತದೆ. ಬರೆಯುವುದು ಬೇರೆ ಥರ, ನಾವು ‘ಆರ್ಗೀಟ್’ ಅಂತ ಓದಿ ತಿನ್ನುವ ಪದಾರ್ಥ ಅಂದುಕೊಂಡಿದ್ದೆವು. ಕುಣಿದು ದಣಿದ ನಾಯಕಿಗೆ ಲಾರ್ಡ್ ಒಬ್ಬ ಇದರ ಲೋಟ ಹಿಡಿದು ಓಡಿ ಬರುತ್ತಾನೆ. ಹೆಸರು ಬಂದದ್ದು ಬಾರ್ಲಿಗೆ ಫ್ರೆಂಚರು ಹೇಳುವ ಮಾತಿನಿಂದ. ಆಮೇಲೆ ಬಾರ್ಲಿ ಹೋಗಿ ರುಬ್ಬಿದ ಬಾದಾಮಿ, ಸಕ್ಕರೆ, ಕಿತ್ತಳೆ ಹೂವಿನ ನೀರು ಉಳಿಯಿತು. ಏಲಕ್ಕಿ ಹಾಕದ ಬಾದಾಮಿ ಹಾಲು! ಇದಕ್ಕೆ ಇಷ್ಟು ಬಿಂಕವೆ?

ರೆಟಿಕ್ಯೂಲ್ ಕೂಡ ಹಾಗೇ. ಅದಕ್ಕೆ ಮೊದಲು ಹೆಂಗಸರು ಅಗಲ ಲಂಗದ ಒಳಗೆ ಸೊಂಟಕ್ಕೆ ಚೀಲ ಕಟ್ಟಿಕೊಳ್ಳುತ್ತಿದ್ದರು. ಢಾಕಾದ ಮಸ್ಲಿನ್ನಿನಂಥ ತೆಳು ಬಟ್ಟೆಯ, ಮೈಗೆ ಅಂಟಿದ ಗೌನು ಬಂದ ಮೇಲೆ ಒಳಗೆ ಏನಿದ್ದರೂ ಉಬ್ಬಿ ಕಾಣತೊಡಗಿತು. ಚೀಲ ಹೊರಗೆ ಬಂದು ಕೈಯಲ್ಲಿ ತೂಗಿತು. ಜನ ಅದನ್ನು ‘ರಿಡಿಕ್ಯೂಲ್’ ಅಂತ ಆಡಿಕೊಂಡು ನಕ್ಕರಂತೆ. ಪೆನ್ಸಿಲ್ ಅಕ್ಕ ಅಂಚಿನಲ್ಲಿ ಒಂದೇ ಮಾತು ಬರೆದಿದ್ದಳು: ಸಂಚಿ. ನಮ್ಮಜ್ಜಿಯ ಸಂಚಿಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಚಿಲ್ಲರೆ, ಒಂದು ಲವಂಗ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹಿಡಿದ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದು ಕವಯಿತ್ರಿಯಾದಳು. ಯಾವ ರೆಟಿಕ್ಯೂಲಿನಿಂದಲೂ ಅಂಥದ್ದು ಹೊರಬಂದ ಸುದ್ದಿ ನನಗೆ ತಲುಪಿಲ್ಲ.

ಎಲ್ಲಕ್ಕಿಂತ ನಗು ತರಿಸಿದ್ದು ಪೇಯ್ಸ್ಲಿ ಶಾಲು. ಕಿಟಕಿಯ ಹತ್ತಿರ ಕುಳಿತ ನಾಯಕಿಯ ಭುಜದಿಂದ ಅದು ಜಾರುತ್ತಲೇ ಇರುತ್ತದೆ, ನಾಯಕ ಎತ್ತಿ ಹೊದಿಸುತ್ತಲೇ ಇರುತ್ತಾನೆ. ಪೇಯ್ಸ್ಲಿ ಅಂದರೆ ಮಂಜಿನ ಹಾಗೆ ಹಗುರವಾದ, ಬಣ್ಣವೇ ಹೇಳಲಾಗದ ಏನೋ ಒಂದು ಅಂತ ನನ್ನ ಕಲ್ಪನೆ. ಅದು ಗ್ಲಾಸ್ಗೋ ಹತ್ತಿರದ ಒಂದು ನೇಕಾರರ ಊರು. ಕಾಶ್ಮೀರದ ಶಾಲುಗಳಿಗೆ ಯುರೋಪಿನಲ್ಲಿ ಹುಚ್ಚು ಹಿಡಿದಾಗ, ಹತ್ತೊಂಬತ್ತನೇ ಶತಮಾನದ ಮೊದಲಲ್ಲಿ, ಅಲ್ಲಿನ ಮಗ್ಗಗಳು ಅಗ್ಗದ ನಕಲು ನೇಯತೊಡಗಿದವು. ಎಷ್ಟು ನೇಯ್ದವೆಂದರೆ ಶಾಲಿನ ಮೇಲಿನ ಚಿತ್ತಾರಕ್ಕೇ ಆ ಊರಿನ ಹೆಸರು ಅಂಟಿಕೊಂಡಿತು. ಆ ಚಿತ್ತಾರ ನಮ್ಮ ಮಾವಿನಕಾಯಿ. ಅಜ್ಜಿಯ ಧಾರೆ ಸೀರೆಯ ಸೆರಗಿನಲ್ಲಿ, ಅಮ್ಮನ ರವಿಕೆಯ ತೋಳಿನಲ್ಲಿ, ನಮ್ಮ ಮನೆಯ ಹಳೆಯ ಜಮಖಾನದಲ್ಲಿ ಕೂತಿದ್ದ ಮಾವಿನಕಾಯಿಯೇ ಸ್ಕಾಟ್ಲೆಂಡಿಗೆ ಹೋಗಿ ಹೆಸರು ಬದಲಾಯಿಸಿಕೊಂಡು ಬಂದು ನಮ್ಮನ್ನೇ ಮರುಳು ಮಾಡಿತ್ತು. ಆ ಜಮಖಾನದ ಮೇಲೆ ಕೂತುಕೊಂಡೇ ನಾನು ಪೇಯ್ಸ್ಲಿ ಅಂದರೇನು ಅಂತ ಯೋಚಿಸಿದ್ದು.

ಆಲ್ಮ್ಯಾಕ್ಸ್ ಎಂಬ ನೃತ್ಯಶಾಲೆಯ ಕಥೆ ಇದಕ್ಕೂ ಹತ್ತಿರದ್ದು. ಲಂಡನ್ನಿನ ಕಿಂಗ್ ಸ್ಟ್ರೀಟಿನಲ್ಲಿ 1765ರಲ್ಲಿ ತೆರೆದದ್ದು. ಕೆಲವೇ ಜನ ಯಜಮಾನಿಯರು ಒಪ್ಪಿ ಚೀಟಿ ಕೊಟ್ಟರೆ ಮಾತ್ರ ಒಳಗೆ ಪ್ರವೇಶ. ಚೀಟಿ ಸಿಗದ ಹುಡುಗಿಗೆ ಲಗ್ನಯೋಗವಿಲ್ಲ. ಒಳಗೆ ಹೋದರೆ ಸಿಗುತ್ತಿದ್ದದ್ದು ತೆಳ್ಳಗೆ ಕೊಯ್ದ ಬ್ರೆಡ್ಡು, ಬೆಣ್ಣೆ, ಒಣಗಿದ ಕೇಕು, ನಿಂಬೆ ಪಾನಕ. ರಾತ್ರಿ ಹನ್ನೊಂದಕ್ಕೆ ಬಾಗಿಲು ಬಂದ್. ಒಂದು ಸಲ ಡ್ಯೂಕ್ ಆಫ್ ವೆಲಿಂಗ್ಟನ್ನನನ್ನೇ ಬಾಗಿಲಿನಿಂದ ವಾಪಸ್ಸು ಕಳಿಸಿದರು ಅಂತ ಕಥೆ ಹೇಳುತ್ತಾರೆ. ಏಳು ನಿಮಿಷ ತಡವಾಗಿ ಬಂದ ಅಂತ ಕೆಲವರು, ಮೊಳಕಾಲಿನ ಚಲ್ಲಣದ ಬದಲು ಉದ್ದ ಪ್ಯಾಂಟು ತೊಟ್ಟಿದ್ದ ಅಂತ ಕೆಲವರು. ಈ ವೆಲಿಂಗ್ಟನ್ ಅಂದರೆ ನಮ್ಮ ಆರ್ಥರ್ ವೆಲ್ಲೆಸ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ದರಿಯಾ ದೌಲತ್ತಿನಲ್ಲೇ ವಾಸಕ್ಕೆ ಇಳಿದವನು. ಶಾಲೆಯ ಟೂರಿನಲ್ಲಿ ನಾವು ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದ ತೋಟ ಅದು. ಅರಮನೆ ಬಾಗಿಲಿಗೆ ಯಾರನ್ನೂ ಕೇಳದೆ ನುಗ್ಗಿದವನು ಅಲ್ಲಿ ಒಣ ಕೇಕಿನ ಬಾಗಿಲಿಂದ ತಲೆ ಬಗ್ಗಿಸಿ ಹಿಂತಿರುಗಿದ ಅಂದರೆ, ಕಥೆ ಸುಳ್ಳೇ ಇರಲಿ, ನನಗೆ ಸಂತೋಷ. ಅಂದಹಾಗೆ ನಾಯಕಿಗೆ ಕೊನೆಗೆ ಆಸ್ತಿ ಬಿಟ್ಟುಹೋಗುವ ಸೋದರಮಾವ ಒಬ್ಬ ಇರುತ್ತಾನಲ್ಲ, ಇಂಡಿಯಾದಿಂದ ದುಡ್ಡು ಮಾಡಿಕೊಂಡು ಬಂದ ‘ನೇಬಾಬ್’. ಅದು ನಮ್ಮ ‘ನವಾಬ’ನೇ. ಮಾವನ ದುಡ್ಡು ಎಲ್ಲಿಂದ ಬಂತು ಅಂತ ಆ ವಯಸ್ಸಿನಲ್ಲಿ ನಾವು ಕೇಳಲಿಲ್ಲ. ಮದುವೆ ಆದರೆ ಸಾಕಾಗಿತ್ತು.

ಈಗ ತಂಗಿಯ ಮಗಳು ಅದೇ ಥರದ ಪುಸ್ತಕಗಳನ್ನು ಕಿಂಡಲ್‌ನಲ್ಲಿ ಓದುತ್ತಾಳೆ. ಪದದ ಮೇಲೆ ಬೆರಳಿಟ್ಟರೆ ಅರ್ಥ ತಾನಾಗಿಯೇ ಎದ್ದು ನಿಲ್ಲುತ್ತದೆ. ಅವಳಿಗೆ ಪೊಲೀಸ್ ಹೊದ್ದುಕೊಂಡ ನಾಯಕಿ ಸಿಗುವುದೇ ಇಲ್ಲ. ಆದರೂ ಮೊನ್ನೆ, “ದೊಡ್ಡಮ್ಮ, ಇವಳಿಗೆ ಮೂರ್ಛೆ ಬಂದರೆ ಸಾಲಡ್ ಯಾಕೆ ಮೂಸಿಸ್ತಿದಾರೆ?” ಅಂತ ಕೇಳಿದಳು. ವಿನಿಗ್ರೆಟ್ ಅಂದರೆ ಅವಳಿಗೆ ಹೋಟೆಲಿನಲ್ಲಿ ಸೌತೆಕಾಯಿ ಮೇಲೆ ಸುರಿಯುವ ಹುಳಿ ರಸ. ಅದು ಬೆಳ್ಳಿಯ ಚಿಕ್ಕ ಡಬ್ಬಿ, ಒಳಗೆ ವಿನಿಗರಿನಲ್ಲಿ ಅದ್ದಿದ ಸ್ಪಂಜು, ತಲೆ ಸುತ್ತಿದವರ ಮೂಗಿಗೆ ಹಿಡಿಯಲಿಕ್ಕೆ ಅಂತ ವಿವರಿಸಿದೆ. ನಮ್ಮಲ್ಲಿ ಈರುಳ್ಳಿ ಜಜ್ಜಿ ಹಿಡಿಯುವ ಹಾಗೆ. ನನಗೆ ಒಂದು ಕ್ಷಣ ಪೆನ್ಸಿಲ್ ಅಕ್ಕನ ಪದವಿ ಸಿಕ್ಕ ಹಾಗಾಯಿತು.

ಅವಳಿಗೆ ತೋರಿಸಬೇಕು ಅಂತಲೇ ಅಟ್ಟದ ಟ್ರಂಕು ಇಳಿಸಿದೆ. ಲೈಬ್ರರಿಯ ಒಂದು ಪುಸ್ತಕ ಅದರಲ್ಲಿ ಉಳಿದುಬಿಟ್ಟಿತ್ತು. ಚಿಕ್ಕಮ್ಮನ ಮದುವೆಗೆ ಮೂರು ವಾರ ಮುಂಚೆ ತಂದದ್ದು. ಮದುವೆಯ ಗಡಿಬಿಡಿಯಲ್ಲಿ ನಾನು ಓದಲಿಲ್ಲ, ಅವಳು ಓದಿದಳು. ಹಿಂತಿರುಗಿಸಲು ಹೋದಾಗ ಲೈಬ್ರರಿಗೆ ಶಾಶ್ವತವಾಗಿ ಶಟರ್ ಎಳೆದಿತ್ತು. ಹಾಳೆ ಹಳದಿಯಾಗಿ ಅಂಚು ಉದುರುತ್ತಿತ್ತು. ಅಲ್ಲಲ್ಲಿ ಎಡಕ್ಕೆ ವಾಲಿದ ಪೆನ್ಸಿಲ್ ಅಕ್ಷರ ಇತ್ತು. ಬಾನೆಟ್: ಕಟ್ಟುಟೋಪಿ. ಗವರ್ನೆಸ್: ಮನೆಪಾಠದ ಮೇಡಂ. ಹುಡುಗಿ ಒಂದೊಂದನ್ನೂ ಓದಿ ನಗುತ್ತಿದ್ದಳು. 112ನೇ ಪುಟಕ್ಕೆ ಬಂದು ನಿಲ್ಲಿಸಿದಳು.

“ದೊಡ್ಡಮ್ಮ, ‘ಪೈನ್’ ಅಂದ್ರೆ ಕೊರಗೋದು ಅಲ್ವಾ? ಇಲ್ಲಿ ಅರ್ಥ ಸರಿಯಾಗಿಲ್ಲ ನೋಡು.”

ನೋಡಿದೆ. ಪದದ ಕೆಳಗೆ ಗೆರೆ. ಅಂಚಿನಲ್ಲಿ ಅರ್ಥ ಇರಲಿಲ್ಲ. ‘ಹೌದು’ ಅಂತ ಮಾತ್ರ ಬರೆದಿತ್ತು. ಅಕ್ಷರ ಎಡಕ್ಕೆ ವಾಲಿರಲಿಲ್ಲ. ಗುಂಡಗೆ, ನೆಟ್ಟಗೆ, ನೀಲಿ ಇಂಕಿನಲ್ಲಿತ್ತು. ಚಿಕ್ಕಮ್ಮನ ಅಕ್ಷರ ಗುಂಡಗೆ. ಊರಲ್ಲಿ ಅರ್ಧ ಜನರ ಅಕ್ಷರ ಗುಂಡಗೇ ಇರುತ್ತದೆ ಅನ್ನಿ. ಪ್ರತಿ ಭಾನುವಾರ ಹಾಸನಕ್ಕೆ ಫೋನು ಮಾಡುತ್ತೇನೆ; ಮಂಡಿನೋವು, ಕಾಫಿ ಬೀಜದ ರೇಟು, ಮೊಮ್ಮಗನ ಹಲ್ಲು ಎಲ್ಲ ಮಾತಾಡುತ್ತೇವೆ. ಇದನ್ನು ಕೇಳಿಲ್ಲ.

ಹುಡುಗಿ ಅಷ್ಟರಲ್ಲಿ ಹಿಂದಿನ ರಟ್ಟಿನ ಒಳಗೆ ಅಂಟಿಸಿದ ತಾರೀಖಿನ ಚೀಟಿ ಹಿಡಿದು ಲೆಕ್ಕ ಹಾಕುತ್ತಿದ್ದಳು. ದಿನಕ್ಕೆ 50 ಪೈಸೆ, 38 ವರ್ಷ: 6,935 ರೂಪಾಯಿ. “ಇದರಲ್ಲಿ ಲೀಪ್ ಇಯರ್ ಸೇರಿಸಿಲ್ಲ, ದೊಡ್ಡಮ್ಮ,” ಅಂದಳು. 20 ರೂಪಾಯಿ ಡಿಪಾಸಿಟ್ಟು ಅವರ ಹತ್ತಿರವೇ ಇದೆ, ಅದನ್ನು ಕಳೆ ಅಂತ ನಾನು ಹೇಳಿದೆ.